ಹೆಸರಿಡೋದು ನಾವು, ಕಳಿಸೋದು ಕಂಪ್ಯೂಟರ್



ಈ ಪಾಠದಲ್ಲಿ ಒಂದು ಕೆಲಸ ಕಲಿಯೋಣ: ಒಂದು ರಾಶಿ ಫೈಲ್‌ಗಳ ಹೆಸರು ಬದಲಾಯಿಸಿ, ಎಲ್ಲವನ್ನೂ ಒಂದೇ ಸಲಕ್ಕೆ ಸರ್ವರ್‌ಗೆ ಕಳಿಸುವ ಸ್ಕ್ರಿಪ್ಟ್ ಬರೆಯೋದು ಹೇಗೆ? ಸ್ಕ್ರಿಪ್ಟ್ ಅಂದರೆ ಕಂಪ್ಯೂಟರ್‌ಗೆ ನಾವು ಬರೆದುಕೊಡುವ ಕೆಲಸದ ಪಟ್ಟಿ. ಸರ್ವರ್ ಅಂದರೆ ಎಲ್ಲೋ ದೂರದಲ್ಲಿ ಹಗಲೂ ರಾತ್ರಿ ಎಚ್ಚರವಾಗಿದ್ದು, ಕೇಳಿದವರಿಗೆ ಫೈಲ್ ಕೊಡುವ ಕಂಪ್ಯೂಟರ್. ಮಿಡ್ಲ್ ಸ್ಕೂಲ್, ಹೈಸ್ಕೂಲ್ ಮಕ್ಕಳು ತಾವೇ ಓದಬಹುದು. ಚಿಕ್ಕವರು ಅಪ್ಪನ ಜೊತೆಗೋ ಅಮ್ಮನ ಜೊತೆಗೋ ಕೂತು ಓದಿ.

ಕೆಲಸ ಏನು?

ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಿನ ಕನ್ನಡ ಶಾಲೆಗಳಿಂದ ಒಂದು ಸಂಚಿಕೆಗೆ ಮಕ್ಕಳು ಬಿಡಿಸಿದ 120 ಚಿತ್ರಗಳು ಬಂದಿವೆ ಅಂದುಕೊಳ್ಳಿ. ಒಬ್ಬರು ಫೋನಿನಲ್ಲಿ ಫೋಟೋ ತೆಗೆದಿದ್ದಾರೆ, ಇನ್ನೊಬ್ಬರು ಸ್ಕ್ಯಾನ್ ಮಾಡಿದ್ದಾರೆ. ಫೈಲ್‌ಗಳ ಹೆಸರು ನೋಡಿದರೆ: ಐಎಂಜಿ_0457, ಸ್ಕ್ಯಾನ್1, ಸ್ಕ್ಯಾನ್1-ಕಾಪಿ, ಫೈನಲ್, ಫೈನಲ್-ಫೈನಲ್! ಯಾವುದು ಯಾರ ಚಿತ್ರ? ಯಾವ ಊರಿನದು?

ಒಂದೊಂದನ್ನೇ ತೆರೆದು, ನೋಡಿ, ಹೆಸರು ಬದಲಿಸಿ, ಅಪ್‌ಲೋಡ್ ಮಾಡೋಕೆ ತಲಾ ಎರಡು ನಿಮಿಷ ಹಿಡಿದರೂ 120 ಚಿತ್ರಕ್ಕೆ ನಾಲ್ಕು ಗಂಟೆ. ಎಂಬತ್ತನೇ ಫೈಲ್ ಹೊತ್ತಿಗೆ ಕಣ್ಣು ಮಂಜಾಗಿ ತಪ್ಪು ಶುರುವಾಗುತ್ತೆ. ಇದೇ ಕೆಲಸ ಕಂಪ್ಯೂಟರ್‌ಗೆ ಕೊಟ್ಟರೆ ಅದಕ್ಕೆ ಬೇಜಾರೂ ಇಲ್ಲ, ಸುಸ್ತೂ ಇಲ್ಲ. ಆದರೆ ಅದಕ್ಕೆ ಒಂದು ವಿಷಯ ಮಾತ್ರ ಗೊತ್ತಿಲ್ಲ: ಯಾವುದಕ್ಕೆ ಏನು ಹೆಸರು. ಅದನ್ನು ನಾವೇ ಹೇಳಬೇಕು.

ಹೆಸರಲ್ಲೇ ವಿಳಾಸ

ಕನ್ನಡಿಗರಿಗೆ ಈ ವಿದ್ಯೆ ಹೊಸದಲ್ಲ. ಕುವೆಂಪು ಅವರ ಪೂರ್ತಿ ಹೆಸರು ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ. ಮೊದಲು ಊರು, ಆಮೇಲೆ ತಂದೆ, ಕೊನೆಗೆ ಸ್ವಂತ ಹೆಸರು. ಡಿವಿಜಿ ಅಂದರೆ ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ, ಅದೇ ಕ್ರಮ. ಧಾರವಾಡದ ಕಡೆ ಬಂದರೆ ಕ್ರಮ ಬೇರೆ: ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ಮೊದಲು ಸ್ವಂತ ಹೆಸರು, ಆಮೇಲೆ ತಂದೆ, ಕೊನೆಗೆ ಮನೆತನ. ಎರಡೂ ಸರಿಯೇ. ಆದರೆ ಎರಡನ್ನೂ ಒಂದೇ ಪಟ್ಟಿಯಲ್ಲಿ ಕಲಸಿಬಿಟ್ಟರೆ ಊರು ಯಾವುದು, ಹೆಸರು ಯಾವುದು ಅಂತ ಕಂಪ್ಯೂಟರ್‌ಗೆ ಗೊತ್ತಾಗಲ್ಲ. ಯಾವ ಕ್ರಮವಾದರೂ ಇರಲಿ, ಪಟ್ಟಿ ಪೂರ್ತಿ ಒಂದೇ ಕ್ರಮ ಇರಬೇಕು.

ನಮ್ಮ ಹ್ಯೂಸ್ಟನ್‌ನಲ್ಲೇ ಇದಕ್ಕೆ ಒಂದು ಸೊಗಸಾದ ಉದಾಹರಣೆ ಇದೆ. ಅಲ್ಲಿನ ನಾಸಾ ಜಾನ್ಸನ್ ಬಾಹ್ಯಾಕಾಶ ಕೇಂದ್ರದ ಸಂಗ್ರಹದಲ್ಲಿ ಗಗನಯಾತ್ರಿಗಳು ತೆಗೆದ ಭೂಮಿಯ ಫೋಟೋಗಳಿವೆ. 1972ರ ಡಿಸೆಂಬರ್ 7ರಂದು ಚಂದ್ರನ ಕಡೆ ಹೋಗುವಾಗ ತೆಗೆದ, ನೀಲಿ ಗೋಲಿಯಂತೆ ಕಾಣುವ ಭೂಮಿಯ ಚಿತ್ರವನ್ನು ನೀವೆಲ್ಲ ನೋಡಿರುತ್ತೀರಿ. ಅದರ ಹೆಸರು ಎಎಸ್17-148-22727. ಒಡೆದು ಓದಿ: ಎಎಸ್17 ಅಂದರೆ ಅಪೊಲೊ 17 ಯಾನ, 148 ಅಂದರೆ ಫಿಲ್ಮ್ ಸುರುಳಿಯ ಸಂಖ್ಯೆ, 22727 ಅಂದರೆ ಆ ಚಿತ್ರದ ಸಂಖ್ಯೆ. ಅರ್ಧ ಶತಮಾನ ಕಳೆದರೂ ಈ ಚಿತ್ರ ಎಲ್ಲಿಂದ ಬಂತು ಅನ್ನೋದು ಹೆಸರಿನಲ್ಲೇ ಇದೆ.

ಡಾಲಸ್‌ನಿಂದ ಸುಮಾರು 40 ಮೈಲಿ ದೂರದ ಡೆಂಟನ್‌ನಲ್ಲಿ ನಾರ್ತ್ ಟೆಕ್ಸಸ್ ವಿಶ್ವವಿದ್ಯಾಲಯ ಇದೆ. ಅಲ್ಲಿನ ಗ್ರಂಥಾಲಯದವರು 2004ರಿಂದ 'ಪೋರ್ಟಲ್ ಟು ಟೆಕ್ಸಸ್ ಹಿಸ್ಟರಿ' ನಡೆಸುತ್ತಿದ್ದಾರೆ. ಹಳೆಯ ಪತ್ರಿಕೆ, ನಕ್ಷೆ, ಫೋಟೋ, ಪತ್ರ ಎಲ್ಲ ಅಲ್ಲಿವೆ. ಪ್ರತಿಯೊಂದಕ್ಕೂ ಬದಲಾಗದ ಒಂದು ಗುರುತಿನ ಹೆಸರು ಕೊಟ್ಟಿದ್ದಾರೆ. ಟೆಕ್ಸಸ್ ಚರಿತ್ರೆಯ ಪ್ರಾಜೆಕ್ಟ್ ಮಾಡುವಾಗ ಒಮ್ಮೆ ಅದನ್ನು ಗಮನಿಸಿ.

ಒಳ್ಳೆಯ ಫೈಲ್ ಹೆಸರಿಗೆ ಐದು ನಿಯಮ

ಒಂದು: ಸಂಖ್ಯೆಯ ಮುಂದೆ ಸೊನ್ನೆ ಹಾಕಿ. ಅನೇಕ ಪ್ರೋಗ್ರಾಂಗಳು ಹೆಸರನ್ನು ಎಡದಿಂದ ಒಂದೊಂದೇ ಅಕ್ಷರ ಹೋಲಿಸಿ ಜೋಡಿಸುತ್ತವೆ. ಹಾಗಾಗಿ 1, 2, 3 ಅಂತ ಹೆಸರಿಟ್ಟರೆ ಅವು 1, 10, 100, 11, 2 ಅಂತ ಸಾಲಾಗಿ ನಿಲ್ಲುತ್ತವೆ. 001, 002, 010, 100 ಅಂತ ಇಟ್ಟರೆ ಸರಿಯಾಗಿ ನಿಲ್ಲುತ್ತವೆ.

ಎರಡು: ತಾರೀಖು ಬರೆಯುವಾಗ ವರ್ಷ, ತಿಂಗಳು, ದಿನ ಈ ಕ್ರಮ ಇರಲಿ. ರಾಜ್ಯೋತ್ಸವದ ದಿನವನ್ನು 01-11 ಅಂತ ಬರೆದರೆ ಮೈಸೂರಿನ ತಾತನಿಗೆ ಅದು ನವೆಂಬರ್ 1. ಇಲ್ಲಿ ಸ್ಕೂಲಿನಲ್ಲಿ ನಿಮಗೆ ಅದು ಜನವರಿ 11! 2025-11-01 ಅಂತ ಬರೆದರೆ ಇಬ್ಬರಿಗೂ ಗೊಂದಲವಿಲ್ಲ, ಫೈಲ್‌ಗಳು ಕಾಲಕ್ರಮದಲ್ಲೂ ನಿಲ್ಲುತ್ತವೆ.

ಮೂರು: ಹೆಸರಿನ ನಡುವೆ ಖಾಲಿ ಜಾಗ ಬಿಡಬೇಡಿ, ಸಣ್ಣ ಗೆರೆ ಹಾಕಿ. ಎಷ್ಟೋ ಸ್ಕ್ರಿಪ್ಟ್‌ಗಳು ಖಾಲಿ ಜಾಗ ಕಂಡ ಕೂಡಲೇ ಹೆಸರು ಅಲ್ಲಿಗೆ ಮುಗಿಯಿತು ಅಂದುಕೊಂಡುಬಿಡುತ್ತವೆ.

ನಾಲ್ಕು: ಇಂಗ್ಲಿಷ್ ಅಕ್ಷರ ಬಳಸಿದರೆ ಎಲ್ಲವೂ ಚಿಕ್ಕಕ್ಷರ ಇರಲಿ. ನಿಮ್ಮ ಮನೆಯ ವಿಂಡೋಸ್ ಕಂಪ್ಯೂಟರ್‌ಗೆ ಸಾಮಾನ್ಯವಾಗಿ ದೊಡ್ಡಕ್ಷರ, ಚಿಕ್ಕಕ್ಷರ ಎರಡೂ ಒಂದೇ. ಲಿನಕ್ಸ್ ಸರ್ವರ್‌ಗೆ ಅವೆರಡೂ ಬೇರೆ ಬೇರೆ ಫೈಲ್.

ಐದು: ಎರಡು ಫೈಲ್‌ಗೆ ಒಂದೇ ಹೆಸರು ಬರಕೂಡದು. ಬಂದರೆ ಎರಡನೆಯದು ಮೊದಲನೆಯದರ ಮೇಲೆ ಕೂತು ಅದನ್ನು ಅಳಿಸಿಹಾಕಬಹುದು. ಆ ಚಿತ್ರ ಬಿಡಿಸಿದ ಮಗುವಿಗೆ ಆಮೇಲೆ ಏನು ಹೇಳೋದು?

ಇಷ್ಟನ್ನು ಸೇರಿಸಿದರೆ ನಮ್ಮ ಚಿತ್ರದ ಹೆಸರು ಹೀಗಾಗುತ್ತದೆ: 2025-ಡಾಲಸ್-03-001. ವರ್ಷ, ಊರು, ತರಗತಿ, ಕ್ರಮಸಂಖ್ಯೆ. ಇಲ್ಲಿ ಓದೋಕೆ ಸುಲಭ ಆಗಲಿ ಅಂತ ಕನ್ನಡದಲ್ಲಿ ಬರೆದಿದ್ದೇನೆ. ಕಂಪ್ಯೂಟರ್‌ನಲ್ಲಿ ಮಾಡುವಾಗ ಇದನ್ನು ಇಂಗ್ಲಿಷ್ ಅಕ್ಷರದಲ್ಲಿ ಇಡುವುದು ಕ್ಷೇಮ. ಯಾಕೆ ಅಂತ ಈಗ ನೋಡೋಣ.

ಕಂಪ್ಯೂಟರ್ ಕಣ್ಣಲ್ಲಿ ಕನ್ನಡ

'ಕನ್ನಡ' ಪದದಲ್ಲಿ ಎಷ್ಟು ಅಕ್ಷರ? ನಾವು ಮೂರು ಅಂತೀವಿ. ಕಂಪ್ಯೂಟರ್ ಐದು ಅನ್ನುತ್ತೆ: ಕ, ನ, ಒತ್ತಕ್ಷರ ಮಾಡುವ ವಿರಾಮ ಚಿಹ್ನೆ, ಇನ್ನೊಂದು ನ, ಡ. ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಪ್ರತಿ ಅಕ್ಷರಕ್ಕೂ, ಪ್ರತಿ ಚಿಹ್ನೆಗೂ ಒಂದು ಸಂಖ್ಯೆ ಇದೆ. ಇಂದು ಎಲ್ಲೆಡೆ ಬಳಸುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಖ್ಯೆಗೂ ಮೂರು ಬೈಟ್ ಜಾಗ ಬೇಕು. ಹಾಗಾಗಿ 'ಕನ್ನಡ' ಪದಕ್ಕೆ 15 ಬೈಟ್. ಲಿನಕ್ಸ್‌ನಲ್ಲಿ ಫೈಲ್ ಹೆಸರಿಗೆ ಸಾಮಾನ್ಯವಾಗಿ 255 ಬೈಟ್ ಮಿತಿ. ಅಂದರೆ ಕನ್ನಡದಲ್ಲಿ 85 ಚಿಹ್ನೆಗೆ ಹೆಸರು ಮುಗಿಯಬೇಕು. ಉದ್ದದ ಶೀರ್ಷಿಕೆ ಇಟ್ಟರೆ ಮಿತಿ ಬೇಗ ಮುಟ್ಟುತ್ತದೆ.

ಇದಕ್ಕಿಂತ ಮಜಾ ಇನ್ನೊಂದಿದೆ. 'ಕೋಲಾರ' ಪದದ 'ಕೋ' ನೋಡಿ. ಅದನ್ನು ಕಂಪ್ಯೂಟರ್‌ನಲ್ಲಿ ಎರಡು ಥರ ಉಳಿಸಬಹುದು. 'ಕ'ಗೆ ಓಕಾರದ ಒಂದೇ ಚಿಹ್ನೆ ಸೇರಿಸುವುದು ಒಂದು ದಾರಿ. 'ಕ'ಗೆ ಎತ್ವ, ಕೊಂಬಿನ ದೀರ್ಘ, ದೀರ್ಘದ ಚಿಹ್ನೆ ಅಂತ ಮೂರು ತುಂಡಾಗಿ ಸೇರಿಸುವುದು ಇನ್ನೊಂದು ದಾರಿ. ನಮ್ಮ ಕಣ್ಣಿಗೆ ಎರಡೂ ಒಂದೇ 'ಕೋ'. ಎಷ್ಟೋ ಪ್ರೋಗ್ರಾಂಗಳಿಗೆ ಎರಡು ಬೇರೆ ಹೆಸರು! ಫೈಲ್ ಕಣ್ಣೆದುರೇ ಇದ್ದರೂ ಸ್ಕ್ರಿಪ್ಟ್ 'ಸಿಗಲಿಲ್ಲ' ಅನ್ನುವುದು ಇದಕ್ಕೇ. ಎಲ್ಲ ಹೆಸರನ್ನೂ ಮೊದಲು ಒಂದೇ ರೂಪಕ್ಕೆ ತರೋದು ಇದಕ್ಕೆ ಪರಿಹಾರ. ಪೈಥಾನ್‌ನಲ್ಲಿ ಈ ಕೆಲಸ ಒಂದೇ ಸಾಲಿನಲ್ಲಿ ಆಗುತ್ತೆ.

ಮೊದಲು ಪಟ್ಟಿ, ಆಮೇಲೆ ಸ್ಕ್ರಿಪ್ಟ್

ಸ್ಕ್ರಿಪ್ಟ್ ಬರೆಯುವ ಮುಂಚೆ ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಪಟ್ಟಿ ಮಾಡಿ. ಐದು ಅಂಕಣ ಸಾಕು: ಹಳೆಯ ಹೆಸರು, ಊರು, ತರಗತಿ, ಕ್ರಮಸಂಖ್ಯೆ, ಚಿತ್ರದ ಶೀರ್ಷಿಕೆ. ಶೀರ್ಷಿಕೆ ಮಾತ್ರ ಅಚ್ಚ ಕನ್ನಡದಲ್ಲೇ ಇರಲಿ. ಈ ಪಟ್ಟಿ ತುಂಬುವುದು ಮನುಷ್ಯರ ಕೆಲಸ. ಚಿತ್ರ ನೋಡಿ, ಮಕ್ಕಳನ್ನು ಕೇಳಿ, ತಾಳ್ಮೆಯಿಂದ ತುಂಬಬೇಕು.

ಇನ್ನು ಸ್ಕ್ರಿಪ್ಟ್. ಮಲಗುವಾಗ ಅಜ್ಜಿ ಹೇಳುವ ಗುಬ್ಬಚ್ಚಿ ಕತೆ ಗೊತ್ತಲ್ಲ? ಕಣಜದ ತುಂಬ ಕಾಳು. ಒಂದು ಗುಬ್ಬಚ್ಚಿ ಬಂತು, ಒಂದು ಕಾಳು ಕಚ್ಚಿಕೊಂಡು ಪುರ್ರ್ ಅಂತ ಹಾರಿಹೋಯ್ತು. ಆಮೇಲೆ? ಇನ್ನೊಂದು ಗುಬ್ಬಚ್ಚಿ ಬಂತು, ಇನ್ನೊಂದು ಕಾಳು, ಪುರ್ರ್. ಆಮೇಲೆ? ಇನ್ನೊಂದು... ಪ್ರೋಗ್ರಾಮಿಂಗ್‌ನಲ್ಲಿ ಇದಕ್ಕೆ ಲೂಪ್ ಅಂತಾರೆ. ಸ್ಕ್ರ್ಯಾಚ್ ಕಲಿತವರಿಗೆ ಇದು ಮತ್ತೆ ಮತ್ತೆ ಮಾಡಿಸುವ ಬ್ಲಾಕ್. ಅಜ್ಜಿಯ ಕತೆ ಮಗು ನಿದ್ದೆ ಹೋದಾಗ ಮುಗಿಯುತ್ತೆ. ನಮ್ಮ ಲೂಪ್ ಪಟ್ಟಿಯ ಕೊನೆಯ ಸಾಲಿಗೆ ಮುಗಿಯುತ್ತೆ.

ನಮ್ಮ ಸ್ಕ್ರಿಪ್ಟ್ ಕನ್ನಡದಲ್ಲಿ ಹೀಗಿರುತ್ತದೆ:

1. ಪಟ್ಟಿಯ ಒಂದು ಸಾಲು ಓದು.
2. ಆ ಹಳೆಯ ಹೆಸರಿನ ಫೈಲ್ 'ಮೂಲ' ಫೋಲ್ಡರ್‌ನಲ್ಲಿ ಇದೆಯಾ ನೋಡು. ಇಲ್ಲದಿದ್ದರೆ 'ಸಿಗಲಿಲ್ಲ' ಅಂತ ಬರೆದಿಟ್ಟು ಮುಂದಿನ ಸಾಲಿಗೆ ಹೋಗು.
3. ವರ್ಷ, ಊರು, ತರಗತಿ, ಕ್ರಮಸಂಖ್ಯೆ ಜೋಡಿಸಿ ಹೊಸ ಹೆಸರು ಕಟ್ಟು.
4. ಆ ಹೊಸ ಹೆಸರು ಈಗಾಗಲೇ ಬಳಕೆಯಾಗಿದ್ದರೆ ಅಲ್ಲೇ ನಿಲ್ಲು. ಮನುಷ್ಯರನ್ನು ಕರೆ.
5. ಫೈಲನ್ನು ಹೊಸ ಹೆಸರಿನಲ್ಲಿ 'ಕಳಿಸಬೇಕಾದ್ದು' ಫೋಲ್ಡರ್‌ಗೆ ನಕಲು ಮಾಡು.
6. ಸರ್ವರ್‌ಗೆ ಕಳಿಸು. ಆಗದಿದ್ದರೆ ಸ್ವಲ್ಪ ಕಾದು ಮತ್ತೆ ಪ್ರಯತ್ನಿಸು. ಮೂರು ಸಲಕ್ಕೂ ಆಗದಿದ್ದರೆ 'ಆಗಲಿಲ್ಲ' ಅಂತ ಬರೆದಿಡು.
7. ಆಗಿದ್ದರೆ 'ಕಳಿಸಿದೆ' ಅಂತ ಬರೆದಿಡು. ಮುಂದಿನ ಸಾಲಿಗೆ ಹೋಗು.

ಐದನೇ ಹೆಜ್ಜೆಯನ್ನು ಇನ್ನೊಮ್ಮೆ ಓದಿ. ಮೂಲ ಫೈಲ್‌ನ ಹೆಸರು ನಾವು ಬದಲಿಸುತ್ತಿಲ್ಲ, ನಕಲಿಗೆ ಹೊಸ ಹೆಸರು ಕೊಡುತ್ತಿದ್ದೇವೆ. ಏನೇ ಎಡವಟ್ಟಾದರೂ ಮೂಲ ಹಾಗೇ ಇರುತ್ತೆ.

ಆತುರಗಾರನಿಗೆ ಬುದ್ಧಿ ಮಟ್ಟ ಅನ್ನೋ ಗಾದೆ ಸ್ಕ್ರಿಪ್ಟ್ ಬರೆಯುವವರಿಗೂ ಸಲ್ಲುತ್ತದೆ. ಮನುಷ್ಯರು ಒಂದು ತಪ್ಪು ಮಾಡುವಷ್ಟರಲ್ಲಿ ಕಂಪ್ಯೂಟರ್ 120 ತಪ್ಪು ಮಾಡಿ ಮುಗಿಸಿರುತ್ತೆ. ಆದ್ದರಿಂದ ಮೊದಲ ಸಲ ಓಡಿಸುವಾಗ ಐದು ಮತ್ತು ಆರನೇ ಹೆಜ್ಜೆಯನ್ನು ಮಾಡಿಸಬೇಡಿ. 'ಇದನ್ನು ಈ ಹೆಸರಿಗೆ ಬದಲಿಸುತ್ತೇನೆ' ಅಂತ ತೆರೆಯ ಮೇಲೆ ಬರೆಸಿ, ಓದಿ. ರಾಜ್ಯೋತ್ಸವದ ನಾಟಕಕ್ಕೆ ತಾಲೀಮು ಮಾಡ್ತೀವಲ್ಲ, ಹಾಗೆಯೇ ಇದು. ತಾಲೀಮು ಸರಿಯಾದರೆ ಮೂರು ಫೈಲ್ ಮಾತ್ರ ಕಳಿಸಿ ನೋಡಿ. ಅದೂ ಸರಿಯಾದರೆ ಮಾತ್ರ ಉಳಿದದ್ದು.

ಕಳಿಸುವ ದಾರಿ

ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಫೈಲ್ ಕಳಿಸಲು ಎರಡೂ ಕಡೆ ಒಪ್ಪುವ ನಿಯಮ ಬೇಕು. ಎಫ್‌ಟಿಪಿ ಎಂಬ ಆ ನಿಯಮದ ಮೊದಲ ರೂಪವನ್ನು 1971ರ ಏಪ್ರಿಲ್‌ನಲ್ಲಿ ಬರೆದವರು ಭಾರತದ ಅಭಯ್ ಭೂಷಣ್. ಕಾನ್ಪುರ ಐಐಟಿಯಲ್ಲಿ ಓದಿ, ಆಗ ಎಂಐಟಿಯಲ್ಲಿದ್ದರು. ಆ ಕಾಲದ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಬಿಚ್ಚಿಟ್ಟ ಕಾಗದದ ಹಾಗೆ ಹೋಗುತ್ತಿತ್ತು, ದಾರಿಯಲ್ಲಿ ಯಾರು ಬೇಕಾದರೂ ಓದಬಹುದಿತ್ತು. ಈಗ ಎಸ್‌ಎಫ್‌ಟಿಪಿ ಬಳಸುತ್ತೇವೆ. ಅದರಲ್ಲಿ ಎಲ್ಲವೂ ಲಕೋಟೆಯೊಳಗೆ ಮೊಹರು ಹಾಕಿದ ಹಾಗೆ ಹೋಗುತ್ತದೆ.

ಸ್ಕ್ರಿಪ್ಟ್ ಒಳಗೆ ಪಾಸ್‌ವರ್ಡ್ ಬರೆಯಬೇಡಿ. ಸ್ಕ್ರಿಪ್ಟನ್ನು ಗೆಳೆಯರಿಗೆ ಕೊಟ್ಟರೆ ಬೀಗದ ಕೈಯನ್ನೂ ಕೊಟ್ಟಂತೆ. ಅದರ ಬದಲು ಒಂದು ಜೋಡಿ ಡಿಜಿಟಲ್ ಕೀ ಮಾಡಿಕೊಳ್ಳಬಹುದು. ಒಂದು ಸರ್ವರ್‌ನಲ್ಲಿರುತ್ತೆ, ಗುಟ್ಟಿನದು ನಿಮ್ಮ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗಲ್ಲ.

ಎಪ್ಪತ್ತು ಫೈಲ್ ಹೋಗಿದೆ, ಅಷ್ಟರಲ್ಲಿ ಟೆಕ್ಸಸ್‌ನ ಗುಡುಗು ಮಳೆಗೆ ಕರೆಂಟ್ ಹೋಯ್ತು. ಮತ್ತೆ ಮೊದಲಿಂದ ಶುರು ಮಾಡಬೇಕಾ? ಬೇಡ. ಏಳನೇ ಹೆಜ್ಜೆಯಲ್ಲಿ ಬರೆದಿಟ್ಟ ಲೆಕ್ಕ ನೋಡಿ ಸ್ಕ್ರಿಪ್ಟ್ 71ರಿಂದ ಮುಂದುವರಿಸಬಹುದು. ಆರ್‌ಸಿಂಕ್ ಎಂಬ ಉಪಕರಣ ಇನ್ನೂ ಜಾಣ. 1996ರಲ್ಲಿ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ ಮಾಡಿದ್ದು. ಎರಡೂ ಕಡೆ ಹೋಲಿಸಿ ನೋಡಿ, ಇಲ್ಲದ್ದನ್ನು ಮತ್ತು ಬದಲಾದದ್ದನ್ನು ಮಾತ್ರ ಕಳಿಸುತ್ತದೆ.

ಹೋದದ್ದು ಸರಿಯಾಗಿ ಹೋಯಿತೇ? ಅದಕ್ಕೆ ಪ್ರತಿ ಫೈಲ್‌ನ ಬೆರಳಚ್ಚು ತೆಗೆಯುತ್ತೇವೆ. ಎಸ್‌ಎಚ್‌ಎ-256 ಎಂಬ ಲೆಕ್ಕ ಯಾವ ಫೈಲ್ ಕೊಟ್ಟರೂ 64 ಅಕ್ಷರದ ಒಂದು ಸಾಲು ಕೊಡುತ್ತೆ. ಫೈಲ್‌ನಲ್ಲಿ ಒಂದು ಚುಕ್ಕಿ ಬದಲಾದರೂ ಆ ಸಾಲು ಪೂರ್ತಿ ಬೇರೆ. ನಮ್ಮ ಕಡೆಯ ಬೆರಳಚ್ಚೂ ಸರ್ವರ್ ಕಡೆಯ ಬೆರಳಚ್ಚೂ ಹೊಂದಿದರೆ ನಿಶ್ಚಿಂತೆ.

ಹಳ್ಳಿಯೋ, ಹಲ್ಲಿಯೋ?

ಇಷ್ಟೆಲ್ಲ ಮಾಡಿ ಹೆಸರು ತಪ್ಪಾದರೆ ಏನಾಗುತ್ತೆ? ಕನ್ನಡ ಪುಸ್ತಕಗಳಿಗೇ ಇದು ಆಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಹಲವು ಸಂಸ್ಥೆಗಳು ನಡೆಸಿದ 'ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ' ಯೋಜನೆಯಲ್ಲಿ ಭಾರತದ ಹಲವು ಭಾಷೆಗಳ ಹಳೆಯ ಪುಸ್ತಕಗಳನ್ನು ರಾಶಿ ರಾಶಿಯಾಗಿ ಸ್ಕ್ಯಾನ್ ಮಾಡಿದರು. ಕನ್ನಡದವೂ ಸಾವಿರಾರು. ಅವು ಈಗ ಇಂಟರ್ನೆಟ್ ಆರ್ಕೈವ್‌ನಲ್ಲೂ ಇವೆ. ಆದರೆ ಶೀರ್ಷಿಕೆ, ಲೇಖಕರ ಹೆಸರು ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ, ಒಂದೊಂದು ಕಡೆ ಒಂದೊಂದು ಸ್ಪೆಲಿಂಗ್. ಕನ್ನಡದಲ್ಲಿ ಹುಡುಕಿದರೆ ಸಿಗುತ್ತಿರಲಿಲ್ಲ.

ಇಂಗ್ಲಿಷ್ ಅಕ್ಷರದ ತೊಂದರೆ ನೋಡಿ. 'ಹಳ್ಳಿ' ಮತ್ತು 'ಹಲ್ಲಿ' ಎರಡನ್ನೂ ಒಂದೇ ಥರ ಬರೆಯುತ್ತೇವೆ. 'ಹಳ್ಳಿಯ ಕತೆ' ಕೇಳಿದರೆ ಹಲ್ಲಿಯ ಕತೆ ಬಂದೀತು! ಬೆಲೆ, ಬೆಳೆ, ಬೇಳೆ ಮೂರಕ್ಕೂ ಒಂದೇ ಸ್ಪೆಲಿಂಗ್. ಕಾಲು, ಕಾಳು ಹಾಗೇ.

ಓಂಶಿವಪ್ರಕಾಶ್ ಮತ್ತು ಗೆಳೆಯರ 'ಸಂಚಯ' ತಂಡ ಈ ಪುಸ್ತಕಗಳ ಪಟ್ಟಿಯನ್ನು ಒಂದೆಡೆ ತಂದು, ಶೀರ್ಷಿಕೆಗಳನ್ನು ಕನ್ನಡ ಲಿಪಿಗೆ ಬದಲಿಸಿಕೊಡಿ ಅಂತ ಜನರನ್ನೇ ಕೇಳಿತು. ಆಸಕ್ತರು ಕೂತು ಒಂದೊಂದೇ ಹೆಸರನ್ನು ಕನ್ನಡದಲ್ಲಿ ಬರೆದರು. ಹೀಗೆ 'ಪುಸ್ತಕ ಸಂಚಯ'ದಲ್ಲಿ ಅವನ್ನು ಕನ್ನಡದಲ್ಲೇ ಹುಡುಕುವಂತಾಯಿತು. ಪುಸ್ತಕ ಮೊದಲೂ ಸರ್ವರ್‌ನಲ್ಲೇ ಇತ್ತು. ಸರಿಯಾದ ಹೆಸರು ಬಂದ ಮೇಲೆ ಓದುಗರ ಕೈಗೆ ಸಿಕ್ಕಿತು.

ಇಂಟರ್ನೆಟ್ ಆರ್ಕೈವ್‌ಗೆ ಇಂದು ಪುಸ್ತಕಗಳನ್ನು ಸೇರಿಸುವವರು ನಾವು ಮೇಲೆ ಮಾಡಿದಂಥ ಪಟ್ಟಿಯನ್ನೇ ಬಳಸಬಹುದು. ಅವರ ಉಪಕರಣಕ್ಕೆ ಒಂದು ಸ್ಪ್ರೆಡ್‌ಶೀಟ್ ಕೊಟ್ಟರೆ ಸಾಲು ಸಾಲಾಗಿ ಅಪ್‌ಲೋಡ್ ಮಾಡುತ್ತದೆ. ಅಲ್ಲಿ ಪ್ರತಿಯೊಂದಕ್ಕೂ ಎರಡು ಹೆಸರು. ಒಂದು ಗುರುತಿನ ಹೆಸರು: ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕಿ, ಗೆರೆ ಮಾತ್ರ. ಇನ್ನೊಂದು ಶೀರ್ಷಿಕೆ: ಅದು ಕನ್ನಡದಲ್ಲೇ ಇರಬಹುದು. ಸ್ಕೂಲಿನ ಐಡಿ ನಂಬರ್ ಒಂದು, ಮನೆಯಲ್ಲಿ ಪ್ರೀತಿಯಿಂದ ಕರೆಯೋ ಹೆಸರು ಒಂದು ಇದ್ದ ಹಾಗೆ. ಎರಡೂ ಬೇಕು. ನಂಬರ್ ಯಂತ್ರಕ್ಕೆ, ಹೆಸರು ಮನುಷ್ಯರಿಗೆ.

ಪೋಷಕರಿಗೆ ಎರಡು ಮಾತು

ಫೋನಿನಲ್ಲಿ ತೆಗೆದ ಫೋಟೋ ಒಳಗೆ ಎಲ್ಲಿ ತೆಗೆದದ್ದು ಎಂಬ ಮಾಹಿತಿಯೂ ಅಡಗಿರಬಹುದು. ಮನೆಯಲ್ಲಿ ತೆಗೆದಿದ್ದರೆ ಅದು ನಿಮ್ಮ ಮನೆಯ ಜಾಗ. ಎಲ್ಲರಿಗೂ ಕಾಣುವ ಸರ್ವರ್‌ಗೆ ಕಳಿಸುವ ಮುಂಚೆ ಆ ಮಾಹಿತಿಯನ್ನು ಅಳಿಸುವ ಒಂದು ಹೆಜ್ಜೆಯನ್ನು ಸ್ಕ್ರಿಪ್ಟ್‌ನಲ್ಲಿ ಸೇರಿಸಿ. ಫೈಲ್ ಹೆಸರಿನಲ್ಲಿ ಮಗುವಿನ ಹೆಸರು ಹಾಕಬೇಡಿ, ಕ್ರಮಸಂಖ್ಯೆ ಸಾಕು. ಯಾವ ಸಂಖ್ಯೆ ಯಾರದು ಎಂಬ ಪಟ್ಟಿ ಶಾಲೆಯ ಬಳಿ ಮಾತ್ರ ಇರಲಿ. ಮಗುವಿನ ಫೋಟೋ ಇದ್ದರೆ ಮನೆಯವರ ಒಪ್ಪಿಗೆ ಮೊದಲು, ಅಪ್‌ಲೋಡ್ ಆಮೇಲೆ.

ಮನೆಗೆಲಸ

1. ಈ ಹೆಸರುಗಳನ್ನು ಕಂಪ್ಯೂಟರ್ ಜೋಡಿಸುವ ಕ್ರಮದಲ್ಲಿ ಬರೆಯಿರಿ: ಚಿತ್ರ2, ಚಿತ್ರ12, ಚಿತ್ರ1, ಚಿತ್ರ20. ಆಮೇಲೆ ಸೊನ್ನೆ ಸೇರಿಸಿ ಸರಿಪಡಿಸಿ.
2. 'ಅಮ್ಮ' ಪದದಲ್ಲಿ ಕಂಪ್ಯೂಟರ್ ಎಷ್ಟು ಚಿಹ್ನೆ ಎಣಿಸುತ್ತದೆ? ಎಷ್ಟು ಬೈಟ್? ಉತ್ತರ: 4 ಚಿಹ್ನೆ, 12 ಬೈಟ್. ಈಗ ನಿಮ್ಮ ಹೆಸರು ಎಣಿಸಿ.
3. ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಥರ ಕಾಣುವ, ಕನ್ನಡದಲ್ಲಿ ಅರ್ಥ ಬೇರೆಯಾಗುವ ಐದು ಜೋಡಿ ಪದ ಹುಡುಕಿ.
4. ದೊಡ್ಡವರಿಗೆ: ಹತ್ತು ಫೈಲ್‌ಗೆ ತಾಲೀಮು ಮಾತ್ರ ಮಾಡುವ ಸ್ಕ್ರಿಪ್ಟ್ ಪೈಥಾನ್‌ನಲ್ಲಿ ಬರೆಯಿರಿ.
5. ಎಲ್ಲರಿಗೂ: ಊರಿನ ಮನೆಯ ಹಳೆಯ ಆಲ್ಬಂನಿಂದ ಹತ್ತು ಫೋಟೋ ತರಿಸಿಕೊಳ್ಳಿ. ವಿಡಿಯೋ ಕಾಲ್‌ನಲ್ಲಿ ಅಜ್ಜಿಯನ್ನೋ ತಾತನನ್ನೋ ಕೇಳಿ: ಇದು ಯಾರು? ಯಾವ ಊರು? ಯಾವ ವರ್ಷ? ಅವರು ಹೇಳಿದ್ದನ್ನು ಪಟ್ಟಿಯಲ್ಲಿ ಕನ್ನಡದಲ್ಲಿ ತುಂಬಿ.

ಐದನೆಯದನ್ನು ದಯವಿಟ್ಟು ಮುಂದಕ್ಕೆ ಹಾಕಬೇಡಿ. ಅಪ್‌ಲೋಡ್ ಮಾಡುವ ಸ್ಕ್ರಿಪ್ಟನ್ನು ಮುಂದಿನ ವರ್ಷವೂ ಬರೆಯಬಹುದು, ಹತ್ತು ವರ್ಷ ಬಿಟ್ಟೂ ಬರೆಯಬಹುದು. ಆದರೆ ಎರಡನೇ ಸಾಲಿನಲ್ಲಿ ಎಡದಿಂದ ಮೂರನೆಯವರು ಯಾರು ಅನ್ನೋದು ಅಜ್ಜಿಗೆ ಮಾತ್ರ ಗೊತ್ತು.